ನಾಲ್ಕು ಗಂಟೆಗೆ ಏರುವ ಮನೆ

ನಮ್ಮ ಮನೆ ದಿನಾ ಮಧ್ಯಾಹ್ನ ಎಂಬತ್ತು ಅಡಿ ಮೇಲೇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಇದ್ದ ಜಾಗದಿಂದ ಮೆಲ್ಲನೆ ಹೊರಟು, ನಾಲ್ಕು ಗಂಟೆಗೆ ಅತಿ ಎತ್ತರ ಮುಟ್ಟಿ, ದೀಪ ಹಚ್ಚುವ ಹೊತ್ತಿಗೆ ಇಳಿಯಲು ತೊಡಗಿ, ನಾವು ಹಾಸಿಗೆ ಬಿಚ್ಚುವಾಗ ಮತ್ತೆ ನೆಲಕ್ಕೆ ಬಂದಿರುತ್ತದೆ. ನಂಬದವರು ಸಾಗರದ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಗೆ ಬಂದು ನೋಡಬಹುದು. ಬಾರದಿದ್ದರೆ ಇನ್ನೂ ಒಳ್ಳೆಯದು. ನನಗೆ ಅತಿಥಿಗಳೊಡನೆ ಮಾತಾಡಲು ಬರುವುದಿಲ್ಲ.

ಮನೆ ಏರಿದ್ದನ್ನು ತೋರಿಸುವುದು ನಡುಮನೆಯ ಗೋಡೆಯ ಮೇಲಿರುವ, ಕರಿಯ ಮುಖದ ಒಂದು ಯಂತ್ರ. ಮೂರು ಮುಳ್ಳು, ಸುತ್ತ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ. ಹಾಲು ಹಾಕುವ ಗೌರಮ್ಮ ಮೊದಲ ಸಲ ಅದನ್ನು ಬಹಳ ಹೊತ್ತು ನೋಡಿ, "ನಿಮ್ಮ ಗಡಿಯಾರದಲ್ಲಿ ಹತ್ತು ಗಂಟೆನೇ ಆಗಲ್ವಲ್ರೀ ಅಮ್ಮಾ. ಅದ್ಕೇ ನಿಮ್ಮನೇಲಿ ಎಲ್ಲರೂ ಹೊತ್ತಿಗೆ ಮುಂಚೆ ಏಳ್ತೀರಿ" ಎಂದಿದ್ದಳು. ಅದು ಗಡಿಯಾರವಲ್ಲ, ಆಲ್ಟಿಮೀಟರು. ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ಪೈಲಟ್ಟಿಗೆ ಹೇಳುವ ಯಂತ್ರ.

ಅಪ್ಪ ವಾಯುಸೇನೆಯಲ್ಲಿ ಸರಕಿನ ವಿಮಾನ ನಡೆಸುತ್ತಿದ್ದರು. ಎಡಗಿವಿ ಕೇಳಿಸದಂತಾದಾಗ ಅವರಿಗೆ ನಿವೃತ್ತಿ ಕೊಟ್ಟು ಕಳಿಸಿದರು. ಆಗ ನನಗೆ ಹತ್ತು ವರ್ಷ. ಗುಜರಿಗೆ ಬಿದ್ದ ವಿಮಾನವೊಂದರಿಂದ ಬಿಚ್ಚಿದ ಈ ಯಂತ್ರವನ್ನು ಅವರ ಮೆಕ್ಯಾನಿಕ್ ಮುಚ್ಚಳವಿರುವ ತೇಗದ ಪೆಟ್ಟಿಗೆಯಲ್ಲಿ ಕೂರಿಸಿ, ಬೀಳ್ಕೊಡುವಾಗ ಕೈಗಿತ್ತನಂತೆ. ಅಪ್ಪ ಸಾಗರಕ್ಕೆ ಬಂದು ಅಕ್ಕಿ ಗಿರಣಿಯೊಂದರ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಆಕಾಶದಲ್ಲಿದ್ದಾಗಲೂ ಅವರು ಸಾಗಿಸುತ್ತಿದ್ದದ್ದು ಹೆಚ್ಚಾಗಿ ಅಕ್ಕಿಯನ್ನೇ. ಹಾಗಾಗಿ ಇದು ಅಂಥ ದೊಡ್ಡ ಬದಲಾವಣೆಯೇನಲ್ಲ ಎಂದು ಅವರೇ ಹೇಳುತ್ತಿದ್ದರು. ಹೇಳುವಾಗ ನಗುತ್ತಿರಲಿಲ್ಲ.

ಯಂತ್ರದ ಗುಟ್ಟು ಇಷ್ಟೇ. ಅದು ಗಾಳಿಯ ಭಾರವನ್ನು ಅಳೆಯುತ್ತದೆ. ಮೇಲೆ ಹೋದಂತೆ ಗಾಳಿ ಹಗುರ. ಹಗುರವಾದಷ್ಟೂ ಮುಳ್ಳು ಹೆಚ್ಚು ಎತ್ತರ ತೋರಿಸುತ್ತದೆ. ಆದರೆ ನಾವು ನಿಂತಲ್ಲೇ ನಿಂತಿದ್ದರೂ ಗಾಳಿಯ ಭಾರ ಹಗಲು ಹತ್ತಕ್ಕೆ ಹೆಚ್ಚಿ ಸಂಜೆ ನಾಲ್ಕಕ್ಕೆ ತಗ್ಗುತ್ತದೆ. ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯದು. ಗಾಳಿ ತೆಳುವಾದರೆ ತಾನು ಏರಿದೆ ಎಂದೇ ಅದು ನಂಬುತ್ತದೆ. ಅದರ ಕೆಳಗೊಂದು ತಿರುಪು ಇದೆ. ಆಗಾಗ ಅದನ್ನು ತಿರುಗಿಸಿ ಮುಳ್ಳನ್ನು ಸರಿಯಾದ ಜಾಗಕ್ಕೆ ತರಬೇಕು.

ಹೈಸ್ಕೂಲಿನಲ್ಲಿದ್ದಾಗ ಇದು ನನಗೂ ಅಪ್ಪನಿಗೂ ಆಟವಾಗಿತ್ತು. ಶಾಲೆ ಬಿಟ್ಟು ನಾಲ್ಕಕ್ಕೆ ಬಂದರೆ ಅಪ್ಪ ಗಿರಣಿಯಿಂದ ಚಹಾಕ್ಕೆ ಬಂದಿರುತ್ತಿದ್ದರು.

"ಎಷ್ಟು ಹತ್ತಿದೀವಿ?"

"ಎಪ್ಪತ್ತೈದು."

"ಇಳಿಯೋಕೆ ಅಪ್ಪಣೆ ಇದೆಯಾ?"

"ಇದೆ."

ನಾನು ಸ್ಟೂಲು ಹತ್ತಿ ತಿರುಪು ತಿರುಗಿಸಿ, ಮನೆಯನ್ನು ಅಡುಗೆಮನೆಯಲ್ಲಿದ್ದ ಅಮ್ಮನ ಸಮೇತ ನೆಲಕ್ಕಿಳಿಸುತ್ತಿದ್ದೆ. "ಸರಿ?" ಎಂದು ಅಪ್ಪ ಕೇಳಬೇಕು, "ಸರಿ" ಎಂದು ನಾನು ಹೇಳಬೇಕು. ಅಲ್ಲಿಗೆ ಆಟ ಮುಗಿಯುತ್ತಿತ್ತು. ರಾತ್ರಿ ನೆಲದೊಳಕ್ಕೆ ಇಳಿದುಹೋದ ಮುಳ್ಳನ್ನು ಬೆಳಿಗ್ಗೆ ಅಪ್ಪ ಮತ್ತೆ ನೆಲಕ್ಕೆ ತರುತ್ತಿದ್ದರು.

ಸೇನೆ ಬಿಟ್ಟ ಮೇಲೂ ಅಪ್ಪನ ಇಂಥ ಅಭ್ಯಾಸಗಳು ಅವರನ್ನು ಬಿಡಲಿಲ್ಲ. ಹೊರಡುವ ಮುನ್ನ ಪೈಲಟ್ಟುಗಳು ಒಂದೊಂದೇ ಭಾಗವನ್ನು ಮುಟ್ಟಿ, ಹೆಸರು ಹೇಳಿ, ಪಕ್ಕದಲ್ಲಿ ಕುಳಿತವನಿಂದ ಉತ್ತರ ಪಡೆಯಬೇಕಂತೆ. ನಮ್ಮ ಮನೆಯಲ್ಲಿ ಆ ಪಾಲು ಅಮ್ಮನದು.

"ಬೀಗ?"

"ಇದೆ."

"ಛತ್ರಿ?"

"ಇದೆ."

"ಒಲೆ?"

"ಆರಿಸಿದೀನಿ. ನಡೀರಿ, ಬಸ್ಸು ಹೋಗತ್ತೆ."

"ಬಸ್ಸು ಹೋದ್ರೆ ಇನ್ನೊಂದು ಬರತ್ತೆ. ಮನೆ ಹೋದ್ರೆ?"

ಅಮ್ಮನ ಮುಂಗೈಗೆ ವಾತ. ಆದ್ದರಿಂದ ಹೈಸ್ಕೂಲು ಮುಗಿಯುವವರೆಗೂ ನನ್ನ ಜಡೆ ಹೆಣೆದವರು ಅಪ್ಪ. ಅವರಿಗೆ ಸಡಿಲವಾದ ಗಂಟು ಎಂದರೇನು ಎಂದೇ ಗೊತ್ತಿರಲಿಲ್ಲ. ಅವರು ಬಿಗಿದ ಬಿಗಿತಕ್ಕೆ ನನ್ನ ಹುಬ್ಬುಗಳು ಮೇಲೇರಿ, ಪಾಠ ಮಾಡುವವರಿಗೆ ನಾನು ಸದಾ ಆಶ್ಚರ್ಯದಲ್ಲಿರುವಂತೆ ಕಾಣುತ್ತಿದ್ದೆ. "ಇದರಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ, ಕೂತ್ಕೋ" ಎಂದು ಗಣಿತದ ಮೇಷ್ಟ್ರು ಒಮ್ಮೆ ಗದರಿದ್ದರು. ನಾನು ಅಳುಕಿನಿಂದ ಕುಳಿತಿದ್ದೆ. ಹುಬ್ಬು ಹಾಗೇ ಇತ್ತು.

ಅಪ್ಪನಿಗೆ ಒಬ್ಬ ಅಕ್ಕ. ಹುಂಚದ ಹತ್ತಿರದ ಅವರ ಹುಟ್ಟೂರಿನಲ್ಲಿ ತಾಯಿ ಬೇಗ ತೀರಿಕೊಂಡಾಗ ಅಪ್ಪನನ್ನು ಸಾಕಿದವರು ಅವರೇ. ಅತ್ತೆಯನ್ನು ಕೊಟ್ಟದ್ದು ಹೊಸನಗರದ ಸೀಮೆಗೆ, ಶರಾವತಿಯ ದಂಡೆಯ ಒಂದು ಹಳ್ಳಿಗೆ. ನಾವು ಜೈನರು. ನೀರನ್ನು ಸೋಸಿ ಕುಡಿಯುವ, ಇರುವೆಯನ್ನು ನೋಡಿ ಕಾಲಿಡುವ, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಮನೆ. ಅಂಥ ಮನೆಯ ಹುಡುಗ ಸೇನೆಗೆ ಸೇರಿದ್ದಕ್ಕೆ ಅತ್ತೆ ಎರಡು ದಿನ ಉಪವಾಸ ಮಾಡಿದ್ದರಂತೆ. ಮೊದಲ ರಜೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದ್ದರು:

"ಯಾರನ್ನಾದ್ರೂ ಕೊಂದ್ಯೇನೋ ಅನಂತು?"

"ಇಲ್ಲಕ್ಕ. ನಾನು ಅಕ್ಕಿ ಹಾಕೋನು."

ಗುಡ್ಡಗಾಡಿನಲ್ಲಿ ದಾರಿ ಕಡಿದು ಸಿಕ್ಕಿಬಿದ್ದ ಪಡೆಗಳಿಗೆ ಅಕ್ಕಿಯ ಗೋಣಿಗಳನ್ನು ಮೇಲಿಂದ ಹಾಕುವ ಕೆಲಸ. ಅಂದಿನಿಂದ ಅತ್ತೆ ಊರಿಡೀ ಹೇಳಿಕೊಂಡು ಬಂದರು: ನನ್ನ ತಮ್ಮ ಆಕಾಶದಿಂದ ಅನ್ನ ಹಾಕ್ತಾನೆ.

ಒಂದು ಮಧ್ಯಾಹ್ನ ಅಪ್ಪ ಅಮ್ಮನಿಗೆ ಹೇಳಿದ್ದನ್ನು ನಾನು ಒಳಕೋಣೆಯಲ್ಲಿ ಓದುತ್ತ ಕೇಳಿಸಿಕೊಂಡಿದ್ದೇನೆ. ಒಂದು ಸಲ ಗೋಣಿ ಬೀಳುವಾಗ ಕೆಳಗೆ ಒಬ್ಬ ಓಡಿ ಬಂದನಂತೆ. ಹಸಿದವನು, ಕಾಯಲಾರದೆ ಬಂದ. ಅಪ್ಪ ತಿರುಗಿ ಇನ್ನೊಂದು ಸುತ್ತು ಬಂದಾಗ ಗೋಣಿ ಬಿದ್ದಲ್ಲೇ ಇತ್ತು, ಅದರಡಿಯಲ್ಲಿ ಅವನೂ ಇದ್ದ. "ಅಕ್ಕನಿಗೆ ಹೇಳ್ಬೇಡ" ಎಂದರು ಅಪ್ಪ. ಅಮ್ಮ ಹೇಳಲಿಲ್ಲ. ಹೇಳದೆ ಇರುವುದರಲ್ಲಿ ನಮ್ಮ ಮನೆಯವರೆಲ್ಲ ಪಳಗಿದವರು.

ಎರಡು ವರ್ಷದ ಹಿಂದಿನ ಮಾತು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮನೆಗೆ ಬಂದಿದ್ದೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟಾಗುತ್ತದೆ, ಶರಾವತಿ ದಂಡೆಯ ಊರುಗಳು ಮುಳುಗುತ್ತವೆ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ನೀರು ಎಷ್ಟು ಅಡಿಯ ಎತ್ತರಕ್ಕೆ ನಿಲ್ಲುತ್ತದೆ ಎಂಬ ಅಂಕಿಯೂ ಹೊರಬಿದ್ದಿತ್ತು. ಅತ್ತೆಯ ಮನೆ ಆ ಗೆರೆಗೆ ತೀರ ಹತ್ತಿರ; ಮೇಲೋ ಕೆಳಗೋ ಯಾರಿಗೂ ಗೊತ್ತಿಲ್ಲ. ಸರ್ವೆಯವರು ಆ ಊರಿಗೆ ಬರುವುದು ಮಳೆಗಾಲ ಕಳೆದ ಮೇಲೆ. ಆದರೆ ಒಳ್ಳೆಯ ಬದಲಿ ಜಮೀನು ಬೇಕಾದವರು ಅದಕ್ಕೆ ಮೊದಲೇ ಅರ್ಜಿ ಕೊಡಬೇಕು. ಗಡುವಿನೊಳಗೆ ಕೊಟ್ಟವರಿಗೆ ಸಾಗರದ ಬಳಿ, ಹಳ್ಳದ ಮಗ್ಗುಲಿನ ಗದ್ದೆ, ತಡವಾದವರಿಗೆ ಉಳಿದದ್ದು. ಅರ್ಜಿ ಕೊಟ್ಟವರು ಹಳೆಯ ಮನೆ, ಗದ್ದೆಯ ಆಸೆ ಬಿಡಬೇಕು. ಅತ್ತೆಯ ಗಂಡ ನೇಮಯ್ಯ ಮಾವ ಅರ್ಜಿ ತುಂಬಿಸಿ ಇಟ್ಟುಕೊಂಡಿದ್ದರು. ಅತ್ತೆ ಒಪ್ಪಿರಲಿಲ್ಲ. ಕೊನೆಗೆ ಮಾವ ಹೇಳಿ ಕಳಿಸಿದರು: "ಅನಂತು ಪೆಟ್ಟಿಗೆ ತಗೊಂಡು ಬರ್ಲಿ. ಅವನು ಏನು ಹೇಳ್ತಾನೋ ಅದೇ ಆಯ್ತು."

ಅಪ್ಪನೂ ನಾನೂ ಹೊರಟೆವು. ಸ್ಟೇಷನ್ನಿನ ಹಳದಿ ಹಲಗೆಯ ಮೇಲೆ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಅದರ ಎತ್ತರ ಬರೆದಿರುತ್ತದಲ್ಲ, ಅದರ ಬುಡದಲ್ಲಿ ಬೆಳಿಗ್ಗೆ ಹತ್ತಕ್ಕೆ ಅಪ್ಪ ಪೆಟ್ಟಿಗೆಯಿಟ್ಟು, ತಿರುಪು ತಿರುಗಿಸಿ, ಮುಳ್ಳನ್ನು ಹಲಗೆಯ ಅಂಕಿಗೆ ಸರಿಯಾಗಿ ಕೂರಿಸಿದರು.

"ಸರಿ?"

ನಾನು ಬಗ್ಗಿ ನೋಡಿ, "ಸರಿ" ಎಂದೆ.

ಬಸ್ಸಿನಲ್ಲಿ ಪೆಟ್ಟಿಗೆ ಅಪ್ಪನ ತೊಡೆಯ ಮೇಲಿತ್ತು. ಕಂಡಕ್ಟರ್ ಬಗ್ಗಿ ನೋಡಿ, "ಏನ್ ಸ್ವಾಮಿ, ದೇವ್ರಾ?" ಎಂದ.

"ಅಲ್ಲಪ್ಪ, ಎತ್ತರ ನೋಡೋ ಮಿಷನ್ನು."

"ಹಂಗಾದ್ರೆ ಟಾಪಿನ ಮೇಲಿಡಿ. ಅಲ್ಲಿ ಚಲೋ ಕಾಣ್ತದೆ."

ಬಸ್ಸಿಳಿದು ಎರಡು ಮೈಲಿ ನಡೆದು ಅತ್ತೆಯ ಮನೆ ಸೇರುವಾಗ ಬಿಸಿಲು ಓರೆಯಾಗಿತ್ತು. ಅತ್ತೆ ಬೆಲ್ಲ, ನೀರು ತಂದಿಟ್ಟರು. ತಮ್ಮನ ಮುಖ ನೋಡಲಿಲ್ಲ, ಪೆಟ್ಟಿಗೆಯನ್ನೇ ನೋಡಿದರು.

"ಬೆಳಿಗ್ಗೆ ನಿಧಾನಕ್ಕೆ ನೋಡೋಣ ಅಕ್ಕ" ಎಂದರು ಅಪ್ಪ. "ದಣಿದಿದೀವಿ."

"ನಿಂಗೆ ನಿಧಾನ. ನಂಗೆ ತಿಳ್ಕೊಳ್ದೇ ಅನ್ನ ಇಳಿಯಲ್ಲ ಮಾರಾಯ. ಉಂಡ್ರೆ ಹೊತ್ತು ಮುಳುಗೋಕೆ ಮುಂಚೆ ಉಣ್ಬೇಕು. ಈಗ್ಲೇ ನೋಡು."

"ಎಂತ ಅವಸರ ನಿಂದು" ಎಂದರು ಮಾವ. "ಸಾಗರದ ಗದ್ದೆ ಒಳ್ಳೇದಿದೆ, ಹಳ್ಳ ಇದೆ, ನಾನು ನೋಡ್ಕೊಂಡು ಬಂದಿದೀನಿ..."

"ನಾನು ಬರಲ್ಲ ಅಂತ ಹೇಳ್ತಿಲ್ಲ. ಮುಳುಗದೇ ಇರೋ ಮನೆ ಯಾಕೆ ಬಿಡ್ಬೇಕು ಅಂತ ಕೇಳ್ತಿದೀನಿ. ಅದನ್ನ ಇವನು ಹೇಳ್ಲಿ. ಇವನು ಮೇಲಿಂದ ನೋಡ್ದೋನು."

ಅಪ್ಪ ಪೆಟ್ಟಿಗೆಯನ್ನು ಹೊಸಿಲ ಮೇಲಿಟ್ಟು ಮುಚ್ಚಳ ತೆಗೆದರು. ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿದರು. ಮುಳ್ಳು ಒಮ್ಮೆ ನಡುಗಿ ನಿಂತಿತು. ಅವರು ನೋಡಿ, ನನ್ನನ್ನು ಕರೆದು ನೋಡಿಸಿ, ನೀರಿನ ಗೆರೆಯ ಅಂಕಿಯನ್ನು ಕಳೆದು ಹೇಳಿದರು:

"ಅರವತ್ತು ಅಡಿ ಮೇಲಿದೀರಿ."

"ಸರಿಯಾಗಿ ನೋಡೋ."

"ನೋಡ್ದೆ ಅಕ್ಕ. ಅರವತ್ತು. ನೀರು ಬರಲ್ಲ."

ಒಳಗೆ ಮಾವನ ಗಡಿಯಾರ ನಾಲ್ಕು ಹೊಡೆಯಿತು. ನಾಲ್ಕೂ ಪೆಟ್ಟುಗಳನ್ನು ನಾನು ಕೇಳಿದೆ. ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ. ವಾಯುಭಾರದ ದಿನದ ಏರಿಳಿತವನ್ನು ಕುರಿತು ಪರೀಕ್ಷೆಯಲ್ಲಿ ಎರಡು ಪುಟ ಬರೆದು, ಒಳ್ಳೆಯ ಅಂಕ ತೆಗೆದು, ಮಹಾರಾಜರ ಪಟ್ಟಣದಿಂದ ಬಂದು ತಿಂಗಳೂ ಆಗಿರಲಿಲ್ಲ.

ಅಪ್ಪನಿಗೆ ಹೇಗೆ ಮರೆಯಿತು ಎಂದು ನೀವು ಕೇಳಬಹುದು. ನಾನೂ ಬಹಳ ಯೋಚಿಸಿದ್ದೇನೆ. ಹಾರುವಾಗ ಅವರು ಗಾಳಿಯ ಭಾರವನ್ನು ತಾವಾಗಿ ನೆನೆಯಬೇಕಾಗಿರಲಿಲ್ಲ. ಕೆಳಗೆ ಕುಳಿತ ಯಾರೋ ಗಳಿಗೆಗೊಮ್ಮೆ ರೇಡಿಯೋದಲ್ಲಿ ಹೊಸ ಅಂಕಿ ಹೇಳುತ್ತಿದ್ದರು. ಅಪ್ಪ ಕೇಳಿಸಿಕೊಂಡು ತಿರುಪು ತಿರುಗಿಸುತ್ತಿದ್ದರು. ಮನೆಯಲ್ಲಿ ನಾಲ್ಕಕ್ಕೆ ಅಂಕಿ ಓದಿ ಹೇಳುತ್ತಿದ್ದವಳು ನಾನು. ಶರಾವತಿಯ ದಂಡೆಯಲ್ಲಿ ಅವರ ಕಿವಿಯಲ್ಲಿ ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿದ್ದವಳು "ಸರಿ" ಎಂದಿದ್ದಳು.

ಆ ಸಂಜೆಯ ಊಟ ಹಬ್ಬದ ಊಟವಾಗಿತ್ತು. ಸೌತೆಕಾಯಿ ಹುಳಿ, ಹಪ್ಪಳ, ಬಾಳೆಹಣ್ಣಿನ ರಸಾಯನ. ಅತ್ತೆ ಬಡಿಸುತ್ತ, "ನಂಗೆ ಗೊತ್ತಿತ್ತು, ನಂಗೆ ಗೊತ್ತಿತ್ತು" ಎಂದು ಹೇಳುತ್ತಲೇ ಇದ್ದರು. ಮಾವ ಎರಡನೇ ಸಲ ಅನ್ನ ಹಾಕಿಸಿಕೊಂಡು, "ಹೋಗ್ಲಿ, ಒಂದು ಚಿಂತೆ ಹೋಯ್ತು" ಎಂದರು. ಸಾಗರದ ಹಳ್ಳವನ್ನು ಅವರು ಮತ್ತೆ ಎತ್ತಲಿಲ್ಲ.

ಮರುದಿನ ಊಟ ಮುಗಿಸಿ ಹೊರಟು ಸಾಗರ ಮುಟ್ಟುವಾಗ ಮತ್ತೆ ನಾಲ್ಕು ಗಂಟೆ. ಮನೆಗೆ ಹೋಗುವ ದಾರಿಯಲ್ಲೇ ಸ್ಟೇಷನ್ನು. ಹೋದ ಕೆಲಸ ಮುಗಿಸಿ ಬಂದವರು ಮತ್ತೊಮ್ಮೆ ಪರೀಕ್ಷಿಸುವುದು ಅಪ್ಪನ ಕ್ರಮ. ಹಳದಿ ಹಲಗೆಯ ಬುಡದಲ್ಲಿ ಪೆಟ್ಟಿಗೆಯಿಟ್ಟು ಮುಚ್ಚಳ ತೆಗೆದರು. ನಾನು ಅವರ ಹಿಂದೆ ನಿಂತಿದ್ದೆ.

ಹಲಗೆಯ ಅಂಕಿಗಿಂತ ಮುಳ್ಳು ಎಂಬತ್ತು ಅಡಿ ಮೇಲಿತ್ತು.

ಅಪ್ಪ ಗಾಜನ್ನು ತಟ್ಟಲಿಲ್ಲ. "ಸರಿ?" ಎಂದು ಕೇಳಲಿಲ್ಲ. ಸ್ವಲ್ಪ ಹೊತ್ತು ಕುಕ್ಕುರುಗಾಲಿನಲ್ಲಿ ಕುಳಿತಿದ್ದು ಮುಚ್ಚಳ ಹಾಕಿದರು. ಅತ್ತೆಯ ಮನೆ ಗೆರೆಗಿಂತ ಅರವತ್ತು ಅಡಿ ಮೇಲಲ್ಲ, ಇಪ್ಪತ್ತು ಅಡಿ ಕೆಳಗೆ. ಅಷ್ಟು ಲೆಕ್ಕ ನನಗೆ ನಿಂತಲ್ಲೇ ಆಯಿತು. ಎದ್ದು ತಿರುಗಿದ ಅಪ್ಪ ನಾನು ನೋಡಿರಬಹುದೇ ಎಂದು ನೋಡಿದರು. ನಾನು ಹಳಿಯ ಕಡೆ ಮುಖ ಮಾಡಿದ್ದೆ.

"ಬಿಸಿಲು ಜಾಸ್ತಿ ಇದೆ" ಎಂದರು.

"ಹೌದಪ್ಪ" ಎಂದೆ.

ಮನೆಯಲ್ಲಿ ಅಮ್ಮ, ಅತ್ತೆ ಕಳಿಸಿದ ಗಂಟು ಬಿಚ್ಚಿದರು. ಒಂದು ಕಾಗದದ ಪೊಟ್ಟಣದಲ್ಲಿ ಸೌತೆ ಬೀಜ ಕಟ್ಟಿದ್ದರು. ಕಾಗದ ಗಟ್ಟಿಯಾಗಿತ್ತು. ಬಿಡಿಸಿ ನೋಡಿದರೆ ಮಾವ ತುಂಬಿಸಿಟ್ಟಿದ್ದ ಅರ್ಜಿ. ಇನ್ನು ಬೇಡವೆಂದು ಅತ್ತೆ ಅದರಲ್ಲೇ ಬೀಜ ಕಟ್ಟಿದ್ದರು. ಸಹಿ ಒಂದು ಬಾಕಿ. ಕೊಡಲು ಇನ್ನೂ ಎಂಟು ದಿನ ಇತ್ತು. ಅಮ್ಮ ಬೀಜಗಳನ್ನು ಡಬ್ಬಿಗೆ ಸುರಿದು ಕಾಗದವನ್ನು ಒಲೆಯ ಬಳಿ ಇಟ್ಟರು. ನಾನು ಅದನ್ನು ಎತ್ತಿಕೊಂಡು ನನ್ನ ಭೌತಶಾಸ್ತ್ರದ ಪುಸ್ತಕದೊಳಗಿಟ್ಟೆ.

ಮೂರನೇ ದಿನ ಅಪ್ಪ, ಯಾರೂ ಕೇಳದಿದ್ದರೂ, "ಆದಿತ್ಯವಾರ ಅಕ್ಕನ ಮನೆಗೆ ಒಂದ್ಸಲ ಹೋಗಿ ಬರ್ತೀನಿ" ಎಂದರು. "ಮೊನ್ನೆ ತಾನೇ ಹೋಗಿ ಬಂದ್ರಲ್ಲ" ಎಂದರು ಅಮ್ಮ. ಆದಿತ್ಯವಾರ ಗಿರಣಿಯ ಬೆಲ್ಟು ಹರಿಯಿತು. ಇಡೀ ದಿನ ಅಲ್ಲೇ ಕಳೆದರು. ಎಂಟನೇ ದಿನ ಅಮ್ಮ ಹಿತ್ತಲಲ್ಲಿ ಬೀಜ ಊರಿದರು. ಅಪ್ಪನೇ ಹೇಳಲಿ ಎಂದು ನಾನು ಕಾದೆ. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಬಾರದು ಎಂದು ಕಲಿಸಿದ್ದರಲ್ಲ, ಆ ಕಲಿಕೆ ಅಂದು ನನಗೆ ಬಹಳ ಅನುಕೂಲವಾಯಿತು. ಸೌತೆ ಬಳ್ಳಿ ಚೆನ್ನಾಗಿ ಹಬ್ಬಿತು.

ದೀಪಾವಳಿ ಕಳೆದ ಮೇಲೆ ಸರ್ವೆಯವರು ಬಂದು ಅತ್ತೆಯ ಮನೆಯ ಹಿಂದೆ, ದನ ಹತ್ತುವ ದಾರಿಯ ಮೇಲ್ತುದಿಯಲ್ಲಿ ಕಲ್ಲು ನೆಟ್ಟರು. ಮನೆಯ ಹೆಂಚು ಆ ಕಲ್ಲಿಗಿಂತ ಕೆಳಗಿತ್ತು. ಆ ಹೊತ್ತಿಗೆ ಹಳ್ಳದ ಮಗ್ಗುಲಿನ ಗದ್ದೆಗಳೆಲ್ಲ ಬೇರೆಯವರ ಪಾಲಾಗಿದ್ದವು. ಮಾವನಿಗೆ ಸಿಕ್ಕಿದ್ದು ತೀರ್ಥಹಳ್ಳಿಯ ಕಡೆ ಒಂದು ಗುಡ್ಡದ ನೆತ್ತಿ. ಕಲ್ಲು ನೆಲ, ಕುರುಚಲು, ನೀರಿಗೆ ಒಂದು ಮೈಲಿ. ನೆಲ ಹದ ಮಾಡಲು ವರ್ಷಗಳೇ ಬೇಕೆಂದು ಅವರು ನದಿ ಏರುವವರೆಗೆ ಕಾಯದೆ ಮುಂದಿನ ಬೇಸಿಗೆಗೇ ಹೊರಟರು.

ಕಳೆದ ವೈಶಾಖದಲ್ಲಿ ನಾವು ಅಲ್ಲಿಗೆ ಹೋದೆವು. ಪೆಟ್ಟಿಗೆಯನ್ನು ತರಲೇಬೇಕೆಂದು ಅತ್ತೆ ಹೇಳಿ ಕಳಿಸಿದ್ದರು. ಸೋಗೆ ಹೊದಿಸಿದ ಮನೆ. ಅಂಗಳದಾಚೆ ಎರಡು ಬತ್ತಿದ ಬಾವಿ, ಮೂರನೆಯದರ ಗುಂಡಿ. ಮಾವ ಅದರಿಂದ ಹತ್ತಿ ಬಂದರು. ಒಂದು ವರ್ಷದಲ್ಲಿ ಅವರ ಬೆನ್ನು ಬಗ್ಗಿತ್ತು. ಪಕ್ಕದ ಬಿಡಾರದ ಹೆಂಗಸೊಬ್ಬಳು ಬೆಂಕಿ ಕೇಳಲು ಬಂದಿದ್ದಳು. ಅತ್ತೆ ಅವಳಿಗೆ ಅಪ್ಪನನ್ನು ತೋರಿಸಿ ಹೇಳಿದರು:

"ಇವ್ನೇ ನನ್ನ ತಮ್ಮ. ಇವನು ಹೇಳಿದ್ದು ಸರಿನೇ ಇತ್ತು ಕಣೇ. ಸರ್ಕಾರದವರು ಆಮೇಲೆ ಅಣೆಕಟ್ಟಿನ ಎತ್ತರ ಜಾಸ್ತಿ ಮಾಡಿದ್ರು. ಅದಕ್ಕೆ ಇವನೇನು ಮಾಡ್ತಾನೆ?"

ಅವರು ಕೂತದ್ದು ಅಪ್ಪನ ಬಲಗಡೆ. ಬಲಗಿವಿ ಚೆನ್ನಾಗಿ ಕೇಳಿಸುತ್ತದೆ.

ಆ ಹೆಂಗಸು ಹೋದಳು. ಅತ್ತೆ ಎಲೆ ಹಾಕಲು ಎದ್ದರು. "ಪೆಟ್ಟಿಗೆ ತೆಗಿ. ಈ ಗುಡ್ಡಕ್ಕೂ ನೀರು ಬರಲ್ಲ ತಾನೆ, ನೋಡ್ಬಿಡು. ನೀನು ಹೇಳಿದ್ರೆ ನಂಗೆ ಸಮಾಧಾನ."

ಅಪ್ಪ ಪೆಟ್ಟಿಗೆ ತೆಗೆಯಲಿಲ್ಲ.

"ಅಕ್ಕ, ಎತ್ತರ ಯಾರೂ ಜಾಸ್ತಿ ಮಾಡ್ಲಿಲ್ಲ. ಅವತ್ತು ನಾನು ತಪ್ಪು ನೋಡಿದ್ದೆ."

ಅತ್ತೆ ನಿಂತರು. "ಹೋಗ್ಲಿ. ಗೊತ್ತಾಗದೇ ಆಗಿದ್ದು."

"ಆಮೇಲೆ ಗೊತ್ತಾಯ್ತು."

"ಯಾವಾಗ?" ಎಂದು ಕೇಳಿದ್ದು ಮಾವ.

"ಮರುದಿನ. ಸಾಗರಕ್ಕೆ ಹೋದ ಕೂಡ್ಲೇ."

ಅತ್ತೆ, ಅಂದದ್ದು ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಅಂದರು:

"ಇನ್ನೂ ಎಂಟು ದಿನ ಇತ್ತಲ್ಲೋ ಅನಂತು."

"ಇತ್ತು."

ಮಾವ ಎದ್ದರು. ಕೈಕಾಲು ತೊಳೆಯಲು ಹೋಗುತ್ತಾರೆಂದುಕೊಂಡೆ. ಅವರು ಗುದ್ದಲಿ ತೆಗೆದುಕೊಂಡು ಬಾವಿಯ ಗುಂಡಿಗೆ ಇಳಿದರು. ಅತ್ತೆ ನಮಗೆ ಬಡಿಸಿದರು. ಹುಳಿ ಹಾಕಿದರು, ಮಜ್ಜಿಗೆ ಹಾಕಿದರು, ಬೇಕಾ ಎಂದು ಕೇಳಲಿಲ್ಲ. ಅಪ್ಪ ಹಾಕಿದ್ದನ್ನೆಲ್ಲ ಉಂಡರು. ಹೊರಗೆ ಕಲ್ಲಿಗೆ ಗುದ್ದಲಿ ತಾಗುವ ಸದ್ದು ಕೇಳುತ್ತಲೇ ಇತ್ತು. ಅತ್ತೆ ಮಾವನ ಎಲೆಯನ್ನೂ ತಮ್ಮದನ್ನೂ ಹಾಸಿಟ್ಟು ಬಾಗಿಲಲ್ಲಿ ಕುಳಿತು ಪಡುವಣ ನೋಡುತ್ತಿದ್ದರು. ಕರೆಯಲಿಲ್ಲ. ಹೊತ್ತು ಮುಳುಗಿತು. ಆಗ ಅವರು ಎದ್ದು, ಎರಡು ಎಲೆಗಳನ್ನು ಮಡಚಿ, ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದರು. ಮಾವ ಮೇಲೆ ಬಂದದ್ದು ಅದಾದ ಮೇಲೆ.

ಬೆಳಿಗ್ಗೆ ನಾವು ಹೊರಡುವಾಗ ಅತ್ತೆ ನನ್ನ ತಲೆ ಸವರಿದರು. ಅಪ್ಪನಿಗೆ, "ಬಸ್ಸಿಗೆ ಹೊತ್ತಾಯ್ತು" ಎಂದರು. ಅಷ್ಟೇ. ಆಮೇಲೆ ಅಲ್ಲಿಂದ ಯಾರೂ ಬಂದಿಲ್ಲ, ಹೇಳಿಯೂ ಕಳಿಸಿಲ್ಲ.

ಈಗ ಅಪ್ಪ ದಿನಾ ನಾಲ್ಕಕ್ಕೆ ಗಿರಣಿಯಿಂದ ಬಂದು, ಚಹಾ ಮುಟ್ಟುವ ಮೊದಲು ಗೋಡೆಯ ಬಳಿ ಹೋಗಿ ತಿರುಪು ತಿರುಗಿಸಿ ಮನೆಯನ್ನು ಇಳಿಸುತ್ತಾರೆ. ಒಂದು ದಿನವೂ ತಪ್ಪಿಸಿಲ್ಲ. ಇಳಿಸಿಯಾದ ಮೇಲೆ "ಸರಿ?" ಎಂದು ಕೇಳುವುದಿಲ್ಲ. ಇಡೀ ತಪ್ಪು ತಮ್ಮೊಬ್ಬರದೇ ಎಂದು ಅವರು ತಿಳಿದಿದ್ದಾರೆ. ಅಂದು ಗುಡ್ಡದ ಮೇಲೆ ಅವರು ಬಾಯಿ ಬಿಟ್ಟಾಗ ನಾನು ಪಕ್ಕದಲ್ಲೇ ಇದ್ದೆ, ಆಮೇಲೆ ಪಕ್ಕದ ಎಲೆಯಲ್ಲಿ ಅನ್ನ ಕಲಸುತ್ತ ಕುಳಿತೆ. ಹಳದಿ ಹಲಗೆಯ ಬುಡದಲ್ಲಿ ನಾನೂ ನೋಡಿದ್ದೆ ಎಂದು ಹೇಳಲಿಲ್ಲ. ಅರ್ಜಿ ನನ್ನ ಬಳಿಯೇ ಇತ್ತು ಎಂದೂ ಹೇಳಲಿಲ್ಲ.

ಅದು ಈಗಲೂ ಪುಸ್ತಕದಲ್ಲಿದೆ. ಸಹಿಯ ಜಾಗದಲ್ಲಿ ಒಂದು ಸೌತೆ ಬೀಜ ಅಂಟಿಕೊಂಡಿದೆ. ಅತ್ತೆಗೆ ಓದಲು ಬರುವುದಿಲ್ಲ. ಅಪ್ಪನಿಗೆ ಬರುತ್ತದೆ. ಇದು ಅಚ್ಚಾದರೆ ಅವರು ಓದುತ್ತಾರೆ, ತಪ್ಪೇನಾದರೂ ಇದೆಯೇ ಎಂದು ಇನ್ನೊಮ್ಮೆ ಮೊದಲಿನಿಂದ ಓದುತ್ತಾರೆ. ಇಲ್ಲ ಅಪ್ಪ. ಈ ಸಲ ಸರಿಯಾಗಿ ನೋಡಿದ್ದೇನೆ.